ಇಪ್ಪತ್ತು ಅಕ್ಷರದ ವಂಶಾವಳಿ

ಮೊದಲನೇ ದಿನ: ಡಾನಾಂಗ್‌ನಿಂದ ಹುಯೆಗೆ

ನಮ್ಮ ಚಿಕ್ಕಪ್ಪನಿಗೆ ವಂಶವೃಕ್ಷದ ಗೀಳು. ಬ್ಯಾಂಕಿನಿಂದ ನಿವೃತ್ತರಾದವರು ವಾಕಿಂಗ್ ಮಾಡಿಕೊಂಡು ಹಾಯಾಗಿ ಇರಬಹುದಿತ್ತು. ಅದು ಬಿಟ್ಟು ಊರೂರು ಸುತ್ತಿ, ಸುಗ್ಗಿ ಮುಗಿದ ಮೇಲೆ ಬರುವ ಹೆಳವರನ್ನು ಜಗಲಿಯಲ್ಲಿ ಕೂರಿಸಿಕೊಂಡು, ಒಂಬತ್ತು ತಲೆಮಾರಿನ ಹೆಸರು ಕೇಳಿ ಬರೆದುಕೊಂಡಿದ್ದಾರೆ. ಆ ಹಾಳೆ ಬಿಚ್ಚಿದರೆ ಹಾಲ್‌ನ ಈ ಗೋಡೆಯಿಂದ ಆ ಗೋಡೆಗೆ ಬರುತ್ತದೆ. ವಿಯೆಟ್ನಾಂಗೆ ಹೊರಟಿದ್ದೇನೆ, ಬರ್ತೀರಾ ಅಂತ ಕೇಳಿದ್ದಕ್ಕೆ, "ಬೀಚು ಗೀಚು ನಂಗೆ ಬೇಡ. ಹುಯೆ ಅಂತ ಒಂದು ಊರಿದೆಯಂತೆ, ಅಲ್ಲಿನ ರಾಜ ಮುಂದಿನ ಇಪ್ಪತ್ತು ತಲೆಮಾರಿಗೆ ಹೆಸರು ಮೊದಲೇ ಬರೆದಿಟ್ಟು ಹೋಗಿದಾನೆ. ಅಲ್ಲಿಗಾದ್ರೆ ಬರ್ತೀನಿ" ಅಂದರು.

ಡಾನಾಂಗ್‌ನಿಂದ ಹುಯೆಗೆ ರೈಲು ಹತ್ತಿದೆವು. ನೂರು ಕಿಲೋಮೀಟರ್ ಆಸುಪಾಸಿನ ದಾರಿ, ಮೂರು ತಾಸು. ಹಾಯ್ ವಾನ್ ಘಟ್ಟದಲ್ಲಿ ಒಂದು ಕಡೆ ಕಾಡು, ಇನ್ನೊಂದು ಕಡೆ ಸಮುದ್ರ. ರೈಲು ಎರಡರ ಮಧ್ಯೆ ಹೆದರಿಕೊಂಡವರ ಹಾಗೆ ನಿಧಾನಕ್ಕೆ ಸಾಗುತ್ತದೆ. ಎಲ್ಲರೂ ಫೋಟೋ ತೆಗೆಯುತ್ತಿದ್ದರೆ ಚಿಕ್ಕಪ್ಪ ನನಗೆ ರಾಜಮನೆತನದ ಹೆಸರು ಉಚ್ಚರಿಸುವುದನ್ನು ಕಲಿಸುತ್ತಿದ್ದರು. ಇಂಗ್ಲಿಷಿನವರು ತಿಣುಕಾಡುವ ಆ ಹೆಸರು ನಮಗೆ ಸಲೀಸು: ಙುಯೆನ್. ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ಆಮೇಲೆ ಒಮ್ಮೆಯೂ ಬಳಸದ "ಙ" ಕೊನೆಗೂ ಕೆಲಸಕ್ಕೆ ಬಂತು.

ನಾವು ಇಳಿದುಕೊಂಡದ್ದು ಒಂದು ಹೋಂಸ್ಟೇಯಲ್ಲಿ. ಮನೆಯೊಡತಿ ಐವತ್ತರ ಹೆಂಗಸು. ಚಿಕ್ಕಪ್ಪನನ್ನು ನೋಡಿದ್ದೇ "ಬಾಕ್" ಎಂದು ಕೈಮುಗಿದರು. ಬಾಕ್ ಅಂದರೆ ಅಪ್ಪನ ಅಣ್ಣ. ಅಪ್ಪನ ತಮ್ಮನಿಗೆ ಇಲ್ಲಿ ಬೇರೆ ಪದವಿದೆ, "ಚೂ". ದೊಡ್ಡಪ್ಪ ಚಿಕ್ಕಪ್ಪ ಇಬ್ಬರನ್ನೂ ಒಂದೇ ಅಂಕಲ್ ಮಾಡಿ ಕೈತೊಳೆದುಕೊಳ್ಳದ ಭಾಷೆ! ಚಿಕ್ಕಪ್ಪ "ನಾನು ಬಾಕ್ ಅಲ್ಲ, ಚೂ" ಎಂದು ತಿದ್ದಲು ಹೋದರು. ಆಕೆ ನಕ್ಕು, ವಯಸ್ಸಾದವರಿಗೆ ಗೌರವಕ್ಕೆ ಹಾಗೇ ಕರೆಯುವುದು ಅಂದರು.

ರಿಸೆಪ್ಷನ್ ಮೇಜಿನ ಮೇಲೆ ಆಕೆಯ ಕಾರ್ಡು ಇತ್ತು. ಹೆಸರಿನ ಶುರುವಿನಲ್ಲಿ "ತೋನ್ ನು" ಅಂತ ಕಂಡಿದ್ದೇ ಚಿಕ್ಕಪ್ಪ ನನ್ನ ಮೊಣಕೈ ತಿವಿದರು. ತೋನ್ ನು ಅಂದರೆ ರಾಜವಂಶದ ಹೆಣ್ಣು. ನಮ್ಮ ಬ್ಯಾಗು ಎತ್ತಿ ಮಹಡಿಗೆ ಒಯ್ದವರೂ ಆಕೆಯೇ.

ಎರಡನೇ ದಿನ: ಅರಮನೆ ಮತ್ತು ಒಂಬತ್ತು ಪಾತ್ರೆ

ಙುಯೆನ್ ವಂಶ 1802ರಿಂದ 1945ರವರೆಗೆ ಆಳಿತು. 143 ವರ್ಷ, ಹದಿಮೂರು ರಾಜರು. ಅದಕ್ಕೂ ಮೊದಲು, 1558ರಿಂದ, ಇದೇ ಮನೆತನದವರು ಈ ಸೀಮೆಯಲ್ಲಿ ಪಾಳೇಗಾರರಂತೆ ಇದ್ದರು. ಮನೆತನದ ಪೂರ್ತಿ ಹೆಸರು ಙುಯೆನ್ ಫುಕ್. ಫುಕ್ ಅಂದರೆ ಭಾಗ್ಯ. ಬಸುರಿ ರಾಣಿಯ ಕನಸಿನಲ್ಲಿ ಒಬ್ಬ ಸಾಧು ಈ ಅಕ್ಷರ ಬರೆದ ಚೀಟಿ ಕೊಟ್ಟನಂತೆ. ಮಗುವಿಗೆ ಅದೇ ಹೆಸರಿಡಿ ಎಂದರೆ ಆಕೆ, ಒಬ್ಬನಿಗೆ ಇಟ್ಟರೆ ಒಬ್ಬನಿಗಷ್ಟೇ ಭಾಗ್ಯ, ಎಲ್ಲರ ಹೆಸರಿನ ನಡುವೆ ಇಡೋಣ ಅಂದಳಂತೆ. ಜಾಣೆ.

ಙೊ ಮೊನ್ ಹೆಬ್ಬಾಗಿಲು ದಾಟಿ ಸಿಂಹಾಸನದ ಥಾಯ್ ಹ್ವಾ ಮಂಟಪಕ್ಕೆ ಹೋದೆವು. ದೊಡ್ಡ ಜೀರ್ಣೋದ್ಧಾರ ಮುಗಿಸಿ 2024ರ ನವೆಂಬರ್‌ನಲ್ಲಿ ಮತ್ತೆ ತೆರೆದದ್ದು. ಕೆಂಪು, ಬಂಗಾರದ ಬಣ್ಣ ಇನ್ನೂ ಹೊಸದಾಗಿ ಕಣ್ಣಿಗೆ ಹೊಡೆಯುತ್ತದೆ. 2025ರ ಮೇ ತಿಂಗಳಲ್ಲಿ ಒಬ್ಬ ಒಳಗೆ ನುಗ್ಗಿ ಸಿಂಹಾಸನ ಹತ್ತಿ ಕೂತು ಅದರ ಕೈ ಮುರಿದಿದ್ದ. ಆಮೇಲೆ ಕಾವಲು ಬಿಗಿಯಾಗಿದೆ. ನಾವು ಹತ್ತು ನಿಮಿಷದಲ್ಲಿ ಹೊರಬಿದ್ದೆವು, ಯಾಕೆಂದರೆ ಚಿಕ್ಕಪ್ಪನಿಗೆ ಬೇಕಾದದ್ದು ಹಿಂದಿನ ಥೆ ಮಿಯೆವ್, ರಾಜರ ಪಿತೃಗಳ ಗುಡಿ.

ಅದರ ಎದುರಿನ ಅಂಗಳದಲ್ಲಿ ಒಂಬತ್ತು ಕಂಚಿನ ಪಾತ್ರೆಗಳು. ಎರಡನೇ ರಾಜ ಮಿನ್ ಮಾಂಗ್ 1835ರಲ್ಲಿ ಎರಕ ಶುರು ಮಾಡಿಸಿದ. ಒಂದೊಂದೂ ಎರಡು ಟನ್ನಿನ ಆಸುಪಾಸು, ನಮ್ಮ ಎತ್ತರಕ್ಕೂ ಮಿಗಿಲು. ಮೈಮೇಲೆಲ್ಲ ದೇಶದ ನದಿ, ಬೆಟ್ಟ, ಹಡಗು, ಫಿರಂಗಿ, ಹಕ್ಕಿ, ಗಿಡ. ಒಂದರ ಮೇಲೆ ಮುಳ್ಳುಮುಳ್ಳಾದ ಹಲಸಿನ ಹಣ್ಣು ಕಂಡು ನಾನು ಅಲ್ಲೇ ನಿಂತೆ. ಶಿಲ್ಪಿ ಒಂದೊಂದು ಮುಳ್ಳನ್ನೂ ಬಿಡದೆ ಕಡೆದಿದ್ದಾನೆ. ಜನ ಮುಟ್ಟಿ ಮುಟ್ಟಿ ಮುಳ್ಳಿನ ತುದಿ ಹೊಳಪಾಗಿದೆ. ಪಾತ್ರೆಯ ಮೇಲೆ ಹಲಸಿಗೆ ಬರೆದ ಹೆಸರು "ಬಾ ಲಾ ಮಾಟ್". ಅದು ಬೌದ್ಧರ ಜೊತೆ ಚೀನಾ ದಾಟಿ ಬಂದ ನಮ್ಮ "ಪಾರಮಿತಾ".

ಒಂದೊಂದು ಪಾತ್ರೆ ಒಬ್ಬೊಬ್ಬ ರಾಜನಿಗೆ ಸೇರಿದ್ದು. ಆದರೆ ಲೆಕ್ಕ ತಾಳೆಯಾಗುವುದಿಲ್ಲ. ಹದಿಮೂರು ರಾಜರು, ಒಂಬತ್ತು ಪಾತ್ರೆ, ಅದರಲ್ಲೂ ಎರಡಕ್ಕೆ ಯಾವ ರಾಜನೂ ಇಲ್ಲ. ಒಳಗಿನ ಪೂಜಾಪೀಠಗಳದು ಇನ್ನೊಂದು ಲೆಕ್ಕ. ಮೊದಲಿದ್ದದ್ದು ಏಳು. ಫ್ರೆಂಚರು ಗಡೀಪಾರು ಮಾಡಿದ ಮೂವರಿಗೆ 1950ರ ದಶಕದ ಕೊನೆಯಲ್ಲಿ, ಫ್ರೆಂಚರು ಹೋದ ಮೇಲೆ, ಜಾಗ ಸಿಕ್ಕಿತು. ಈಗ ಹತ್ತು. ಉಳಿದ ಮೂವರಿಗೆ ಇಲ್ಲಿ ಒಂದು ಊದುಬತ್ತಿಯೂ ಇಲ್ಲ: ಮೂರೇ ದಿನ ಆಳಿದ ಜುಕ್ ಡುಕ್, ನಾಲ್ಕು ತಿಂಗಳು ಆಳಿದ ಹಿಯೆಪ್ ಹ್ವಾ, ಕೊನೆಯ ರಾಜ ಬಾವೊ ಡಾಯ್. ಯಾರನ್ನು ನೆನೆಯಬೇಕು ಅನ್ನುವುದನ್ನು ಆಯಾ ಕಾಲದ ಸರ್ಕಾರ ನಿರ್ಧರಿಸಿದೆ. ಹೆಳವರು ಕೊಟ್ಟ ಅಕ್ಕಿ ರಾಗಿ ನೋಡಿ ಹೊಗಳಿಕೆಯ ಉದ್ದ ನಿರ್ಧರಿಸುವಂತೆ, ಅಂದೆ. ಚಿಕ್ಕಪ್ಪನಿಗೆ ಸಿಟ್ಟು ಬಂತು. ಹೆಳವರು ಹೆಸರು ಬಿಡೋದಿಲ್ಲ, ಅಂದರು.

ಇನ್ನೊಂದು ವಿಷಯ ಗೈಡ್ ಹೇಳಿದ. ಈ ಗುಡಿಯ ಪೂಜೆಗೆ ರಾಣಿಯರಿಗೂ ಪ್ರವೇಶವಿರಲಿಲ್ಲ. ಈಗ ಟಿಕೆಟ್ ಕೊಂಡರೆ ನನಗೂ ಪ್ರವೇಶ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಹತ್ತೂ ಪೀಠಗಳ ಮುಂದೆ ಬೇಕೆಂದೇ ನಿಧಾನವಾಗಿ ನಡೆದೆ.

ಮೂರನೇ ದಿನ: ಪದ್ಯ ಬರೆದವನ ಸಮಾಧಿ

ಮಿನ್ ಮಾಂಗ್ ಸಮಾಧಿ ಊರಿಂದ ಹನ್ನೆರಡು ಕಿಲೋಮೀಟರ್. ಕೆರೆ, ಪೈನ್ ಮರ, ಒಂದೇ ನೇರ ಗೆರೆಯಲ್ಲಿ ಬಾಗಿಲ ಮೇಲೆ ಬಾಗಿಲು, ಕೊನೆಗೆ ಬೀಗ ಹಾಕಿದ ಒಂದು ದುಂಡು ದಿಬ್ಬ. ಮನುಷ್ಯನ ಸ್ವಭಾವ ಅವನ ಸಮಾಧಿಯಲ್ಲೂ ಗೊತ್ತಾಗುತ್ತದೆ: ಎಲ್ಲವೂ ಅಚ್ಚುಕಟ್ಟು, ಎಲ್ಲವೂ ಅಳತೆಗೆ ಸರಿ.

ಇವನಿಗೆ 142 ಮಕ್ಕಳು. 78 ಗಂಡು, 64 ಹೆಣ್ಣು. ಇಷ್ಟು ಮಕ್ಕಳಿರುವ ಮನೆಯಲ್ಲಿ ಎರಡು ತಲೆಮಾರು ಕಳೆದರೆ ಯಾರು ಚಿಕ್ಕಪ್ಪ, ಯಾರು ಮೊಮ್ಮಗ ಅನ್ನುವುದು ತಿಳಿಯದೆ ಹೋಗುತ್ತದೆ. ಅದಕ್ಕೇ 1823ರಲ್ಲಿ ಇಪ್ಪತ್ತು ಅಕ್ಷರದ ಒಂದು ಪದ್ಯ ಕಟ್ಟಿದ. ನಾಲ್ಕು ಸಾಲು, ಸಾಲಿಗೆ ಐದು ಅಕ್ಷರ:

ಮಿಯೆನ್ ಹೂಂಗ್ ಉಂಗ್ ಬ್ಯೂ ವಿನ್
ಬಾವೊ ಕ್ವೀ ಡಿನ್ ಲಾಂಗ್ ಚೂಂಗ್
ಹಿಯೆನ್ ನಾಂಗ್ ಖಾಮ್ ಕೆ ಥುವಾಟ್
ಥೆ ಥ್ವಾಯ್ ಕ್ವೊಕ್ ಜಾ ಸೂಂಗ್

ತನ್ನ ಗಂಡುಮಕ್ಕಳ ಹೆಸರೆಲ್ಲ "ಮಿಯೆನ್" ಎಂದು ಶುರುವಾಗಬೇಕು, ಮೊಮ್ಮಕ್ಕಳದು "ಹೂಂಗ್", ಮರಿಮಕ್ಕಳದು "ಉಂಗ್". ಹೀಗೆ ಇಪ್ಪತ್ತು ಮೆಟ್ಟಿಲು. ಇಬ್ಬರು ಅಪರಿಚಿತರು ಎದುರಾದರೆ ಹೆಸರು ಹೇಳಿಕೊಂಡರೆ ಸಾಕು, ಯಾರು ಯಾರಿಗೆ ನಮಸ್ಕಾರ ಮಾಡಬೇಕು ಅನ್ನುವುದು ತೀರ್ಮಾನ. ಇಪ್ಪತ್ತು ವರ್ಷದ ಉಂಗ್‌ಗೆ ಎಪ್ಪತ್ತರ ಬ್ಯೂ "ಚಿಕ್ಕಪ್ಪ" ಅನ್ನಬೇಕು. ತನ್ನ ಅಣ್ಣತಮ್ಮಂದಿರ ಶಾಖೆಗಳಿಗೆ ಬೇರೆ ಹತ್ತು ಪದ್ಯ ಕೊಟ್ಟ. ಹಿರಿಯಣ್ಣ ಕಾನ್‌ನ ಶಾಖೆಗೂ ಒಂದು. ನಿಜಕ್ಕೂ ಪಟ್ಟ ಆ ಅಣ್ಣನ ಮಕ್ಕಳಿಗೆ ಹೋಗಬೇಕಿತ್ತು. ಅವನು 1801ರಲ್ಲಿ ಸಿಡುಬಿನಿಂದ ಸತ್ತ, ಅಪ್ಪ, ಮೊದಲ ರಾಜ ಜಾ ಲಾಂಗ್, ಮೊಮ್ಮಗನನ್ನು ಬಿಟ್ಟು ಇವನಿಗೆ ಕೊಟ್ಟ. ಬೇರೆ ಪದ್ಯ ಅಂದರೆ ಬೇರೆ ಸಾಲು, ಪಟ್ಟದ ಸಾಲಲ್ಲ. ಅಚ್ಚುಕಟ್ಟಿನ ಹಿಂದೆ ಲೆಕ್ಕಾಚಾರವೂ ಇತ್ತು.

ಇಷ್ಟಕ್ಕೇ ನಿಲ್ಲಲಿಲ್ಲ. ಸ್ವಂತ ಹೆಸರು ಬರೆಯುವ ಚೀನೀ ಅಕ್ಷರದೊಳಗೆ ಯಾವ ಗುರುತು ಇರಬೇಕು ಎಂದೂ ವಿಧಿಸಿದ. ಬ್ಯೂ ತಲೆಮಾರಿನ ರಾಜಪುತ್ರರ ಹೆಸರಿನಲ್ಲಿ "ಬೆಟ್ಟ", ವಿನ್ ತಲೆಮಾರಿನವರಲ್ಲಿ "ಪಚ್ಚೆಕಲ್ಲು". ಒಂದು ಅಕ್ಷರದ ಎಡಬದಿಯ ನಾಲ್ಕು ಗೀರು ನೋಡಿ ಇವನು ಯಾರ ಮೊಮ್ಮಗ ಅನ್ನಬಹುದಿತ್ತು. ವಿಯೆಟ್ನಾಮಿಯರು ರೋಮನ್ ಲಿಪಿಗೆ ಹೋದ ಮೇಲೆ ಬೆಟ್ಟ, ಪಚ್ಚೆ ಎರಡೂ ಕಣ್ಮರೆಯಾದವು.

"ಹೆಣ್ಣುಮಕ್ಕಳಿಗೆ?" ಅಂತ ನಾನು ಕೇಳಿದೆ.

ಹೆಣ್ಣುಮಕ್ಕಳಿಗೆ ಪದ್ಯವಿಲ್ಲ, ಬಿರುದಿದೆ. ರಾಜನ ಮಗಳು ಕಾಂಗ್ ಚುವಾ. ರಾಜಕುಮಾರನ ಮಗಳು ಕಾಂಗ್ ನು. ಅವನ ಮೊಮ್ಮಗಳು ಕಾಂಗ್ ತೋನ್ ನು, ಮುಂದಿನವಳು ಕಾಂಗ್ ತಾಂಗ್ ತೋನ್ ನು, ಅದರ ಮುಂದಿನವಳು ಕಾಂಗ್ ಹುಯೆನ್ ತೋನ್ ನು. ಗಂಡಸಿನ ಹೆಸರು ಅವನು ಏಣಿಯ ಯಾವ ಮೆಟ್ಟಿಲಲ್ಲಿದ್ದಾನೆ ಅನ್ನುತ್ತದೆ. ಹೆಂಗಸಿನದು ಅವಳು ರಾಜನಿಂದ ಎಷ್ಟು ದೂರ ಬಂದಿದ್ದಾಳೆ ಅನ್ನುತ್ತದೆ. ತಲೆಮಾರು ಇಳಿದಷ್ಟೂ ಹೆಸರು ಉದ್ದ.

ರಾತ್ರಿ ಊಟದ ಹೊತ್ತಿಗೆ ಮನೆಯೊಡತಿಯನ್ನು ಕೇಳಿದೆವು. ಆಕೆಯ ಪೂರ್ತಿ ಹೆಸರಿನಲ್ಲಿ ಕಾಂಗ್ ಹುಯೆನ್ ತೋನ್ ನು ಎಂಬ ನಾಲ್ಕು ಪದ ಕಳೆದ ಮೇಲೆ ಸ್ವಂತದ್ದು ಬರುತ್ತದೆ. ಬ್ಯಾಂಕಿನ ಅರ್ಜಿಯ ಚೌಕಗಳು ಸಾಲುವುದಿಲ್ಲ ಎಂದು ನಗುತ್ತ ಹೇಳಿದರು. ಅವರ ಮಕ್ಕಳಿಗೆ ಗಂಡನ ಮನೆತನದ ಹೆಸರು. ಅಲ್ಲಿಗೆ ಮುಗಿಯಿತು.

"ಚಿಕ್ಕಪ್ಪ, ನಿಮ್ಮ ಹಾಳೆಯಲ್ಲಿ ನಾನೆಲ್ಲಿದೀನಿ?"

"ಇದೀಯಲ್ಲ. ನಿಮ್ಮಪ್ಪನ ಕೆಳಗೆ 'ಒಂದು ಹೆಣ್ಣು' ಅಂತ ಬರೆದಿದೀನಿ."

ನಾಲ್ಕನೇ ದಿನ: ಮಳೆ

ಬೆಳಗಿನಿಂದ ಜಿಟಿಜಿಟಿ. ಹುಯೆಯ ಮಳೆಗೆ ನಮ್ಮ ಮಲೆನಾಡಿನ ಹಟವಿದೆ. ಡೋಂಗ್ ಬಾ ಮಾರುಕಟ್ಟೆಗೆ ಹೋಗಿ ಕೊಡೆ ಕೊಂಡೆವು. ಅಲ್ಲೂ ರಾಜಮನೆತನ ಬಿಡಲಿಲ್ಲ. ಈ ಜಾಗದ ಹೆಸರು ಮೊದಲು ಡೋಂಗ್ ಹ್ವಾ. ಮಿನ್ ಮಾಂಗ್‌ನ ಹೆಂಡತಿ, ಮೂರನೇ ರಾಜ ತಿಯೂ ಚಿಯ ತಾಯಿ, ಅವಳ ಹೆಸರು ಹ್ವಾ. ಹ್ವಾ ಅಂದರೆ ಹೂವು. ರಾಜನ ಅಮ್ಮನ ಹೆಸರು ಪ್ರಜೆಗಳ ಬಾಯಲ್ಲಿ ಬರಬಾರದು. ಡೋಂಗ್ ಹ್ವಾ ಡೋಂಗ್ ಬಾ ಆಯಿತು, ಥಾನ್ ಹ್ವಾ (ಹೂವು) ಪ್ರಾಂತ್ಯ ಬೇರೊಂದು ಅಕ್ಷರ ಹಿಡಿದು ಉಚ್ಚಾರ ತಿರುಚಿಕೊಂಡಿತು. ದಕ್ಷಿಣದವರು ಹೂವಿಗೆ "ಬೋಂಗ್" ಅನ್ನುವುದಕ್ಕೂ ಇದೇ ಕಾರಣ ಎನ್ನುತ್ತಾರೆ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುತ್ತಿರಲಿಲ್ಲ; ಇಲ್ಲಿ ಇಡೀ ದೇಶ ರಾಜನ ಅಮ್ಮನ ಹೆಸರು ಹೇಳದೆ ಇತ್ತು.

ತಿಯೂ ಚಿಯ ಸ್ವಂತ ಹೆಸರು ಮಿಯೆನ್ ತೋಂಗ್. ಹಾಗಾಗಿ ರಾಜಬಂಧುಗಳ "ತೋಂಗ್ ಥಾಟ್" ಎಂಬ ಮನೆತನದ ಹೆಸರೇ "ತೋನ್ ಥಾಟ್" ಆಗಿಬಿಟ್ಟಿತು. ಪಿತ್ತಜನಕಾಂಗದ ಶಸ್ತ್ರಚಿಕಿತ್ಸೆಯಲ್ಲಿ ಜಗತ್ತೇ ಗುರುತಿಸಿದ ಡಾಕ್ಟರ್ ತೋನ್ ಥಾಟ್ ತುಂಗ್ ಇದೇ ಕವಲಿನವರು. ಅವರು ನಿಂತದ್ದು ಕಮ್ಯುನಿಸ್ಟ್ ನಾಯಕ ಹೋ ಚಿ ಮಿನ್ ಕಡೆ.

ಮಧ್ಯಾಹ್ನ ಒಂದು ಚಾಯ್ ಅಂಗಡಿ ಸಿಕ್ಕಿತು. ಚಾಯ್ ಅಂದರೆ ಟೀ ಅಲ್ಲ, ಸಸ್ಯಾಹಾರ. ಬೌದ್ಧರ ಊರಾದ್ದರಿಂದ ಅಮಾವಾಸ್ಯೆ ಹುಣ್ಣಿಮೆಗೆ ಬಹಳ ಜನ ಮಾಂಸ ಮುಟ್ಟುವುದಿಲ್ಲ. ಅಣಬೆ ಹಾಕಿದ ಅಕ್ಕಿ ಶ್ಯಾವಿಗೆ ಸಾರು ತಿಂದು ಚಿಕ್ಕಪ್ಪ ಮೂರು ದಿನದಲ್ಲಿ ಮೊದಲ ಸಲ ತೃಪ್ತಿಯಿಂದ ತೇಗಿದರು.

ಐದನೇ ದಿನ: ಮೂರು ರಾಜರು, ಒಂದು ಕಾಂಪೌಂಡು

ಪ್ರವಾಸಿಗರು ಹೋಗುವ, ನಾಲ್ಕನೇ ರಾಜ ತು ಡುಕ್‌ನ ಸಮಾಧಿಯನ್ನು ಬೆಳಗ್ಗೆ ನೋಡಿದೆವು. ಚಂದವಿದೆ. ಕೆರೆ, ಮಂಟಪ, ಇಪ್ಪತ್ತು ಟನ್ನಿನ ಶಿಲಾಶಾಸನ, ಅದರಲ್ಲಿ ರಾಜ ತಾನೇ ಬರೆದ ತನ್ನ ಕಥೆ. ನೂರಕ್ಕೂ ಹೆಚ್ಚು ಹೆಂಡಂದಿರು, ಒಂದೂ ಮಗುವಿಲ್ಲ. ತಾತನಿಗೆ 142, ಮೊಮ್ಮಗನಿಗೆ ಸೊನ್ನೆ. ಮೈಸೂರಿನವರಾದ ನಮಗೆ ರಾಜರಿಗೆ ಮಕ್ಕಳಿಲ್ಲದ ಕಥೆ ಹೊಸದಲ್ಲ. "ಅಲಮೇಲಮ್ಮ ಇಲ್ಲಿಗೂ ಬಂದಿದ್ಲಾ" ಅಂದರು ಚಿಕ್ಕಪ್ಪ. ತಮ್ಮಂದಿರ ಮೂರು ಮಕ್ಕಳನ್ನು ದತ್ತು ತೆಗೆದುಕೊಂಡ. 1883ರಲ್ಲಿ ಅವನು ಸತ್ತದ್ದೇ ಮನೆ ಹೊತ್ತಿಕೊಂಡಿತು. ಬಾಗಿಲಲ್ಲಿ ಫ್ರೆಂಚರ ಹಡಗು, ಒಳಗೆ ರಾಜರನ್ನು ಏರಿಸಿ ಇಳಿಸುವ ಇಬ್ಬರು ಮಂತ್ರಿಗಳು. ನಾಲ್ಕು ತಿಂಗಳಲ್ಲಿ ಮೂವರು ರಾಜರು ಎಂದು ಊರವರು ಪದ ಕಟ್ಟಿದರು.

ಮೊದಲನೆಯವನು ದತ್ತುಮಗ ಜುಕ್ ಡುಕ್. ಇವನ ಕಣ್ಣಲ್ಲಿ ದೋಷವಿದೆ, ನಡತೆ ಸರಿಯಿಲ್ಲ ಎಂದು ಸಾಕಿದಪ್ಪನೇ ಮರಣಶಾಸನದಲ್ಲಿ ಬರೆದಿಟ್ಟಿದ್ದ. ಪಟ್ಟವೇರುವಾಗ ಆ ಸಾಲು ಓದಿಸಲಿಲ್ಲ ಅನ್ನುವುದೇ ಅಪರಾಧವಾಯಿತು. ಮೂರು ದಿನಕ್ಕೆ ಇಳಿಸಿದರು, ಅನ್ನ ನೀರು ಕೊಡದೆ ಕೊಂದರು.

ಅವನ ಸಮಾಧಿ ಆನ್ ಲಾಂಗ್ ಊರೊಳಗೇ ಇದೆ. ನಾವು ಹೋದಾಗ ಬೇರೊಬ್ಬ ಪ್ರವಾಸಿಯೂ ಇರಲಿಲ್ಲ. ಚಾಪೆಯಲ್ಲಿ ಸುತ್ತಿದ ಹೆಣವನ್ನು ಹೊತ್ತು ತರುವಾಗ ಹಗ್ಗ ಕಿತ್ತು ಇಲ್ಲೇ ಬಿತ್ತಂತೆ. ರಾಜ ತಾನೇ ಜಾಗ ಆರಿಸಿಕೊಂಡ ಎಂದು ಅಲ್ಲೇ ಮಣ್ಣು ಮಾಡಿದರಂತೆ. ಆರು ವರ್ಷದ ಮೇಲೆ ಅವನ ಮಗ ಥಾನ್ ಥಾಯ್ ಹತ್ತು ವರ್ಷದ ಬಾಲಕನಾಗಿ ಪಟ್ಟಕ್ಕೆ ಬಂದ, ಅಪ್ಪನಿಗೆ ಸಮಾಧಿ ಕಟ್ಟಿಸಿದ. ಮುಂದೆ ಅವನನ್ನೂ ಹುಚ್ಚನೆಂದು 1907ರಲ್ಲಿ ಫ್ರೆಂಚರು ಇಳಿಸಿದರು. ಅವನ ಮಗ, ಏಳು ವರ್ಷದ ಜುಯ್ ತಾನ್, ರಾಜನಾದ. 1916ರಲ್ಲಿ ಆ ಹುಡುಗ ದಂಗೆಗೆ ಸೇರಿ ಸಿಕ್ಕಿಬಿದ್ದ. ಅಪ್ಪ ಮಗ ಇಬ್ಬರನ್ನೂ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಸಾಗಿಸಿದರು.

ಗುಡಿಯ ಹಿಂದೆ ಅವರಿಬ್ಬರ ಗೋರಿ. ನಿನ್ನೆ ಮೊನ್ನೆ ನೋಡಿದ ಕೆರೆ ಮಂಟಪಗಳ ಮುಂದೆ ಇವು ಯಾರೋ ಮೇಷ್ಟರ ಗೋರಿಯಂತಿವೆ. ಅಪ್ಪ 1947ರಲ್ಲಿ ದೇಶಕ್ಕೆ ಮರಳಿ 1954ರಲ್ಲಿ ತೀರಿಕೊಂಡ. ಮಗ 1945ರ ಡಿಸೆಂಬರ್ 26ರಂದು ಮಧ್ಯ ಆಫ್ರಿಕಾದಲ್ಲಿ ವಿಮಾನ ಬಿದ್ದು ಸತ್ತ. ಅಸ್ಥಿ ಇಲ್ಲಿಗೆ ಬಂದದ್ದು 1987ರಲ್ಲಿ. ಅಜ್ಜ, ಮಗ, ಮೊಮ್ಮಗ ಒಂದೇ ಕಾಂಪೌಂಡಿನಲ್ಲಿ. ಹೊರಗಿನ ರಸ್ತೆಗೆ ಮೊಮ್ಮಗನದೇ ಹೆಸರು, ಜುಯ್ ತಾನ್ ರಸ್ತೆ. ಊದುಬತ್ತಿಯ ಕಡ್ಡಿಗಳು ಅವನ ಗೋರಿಯ ಮುಂದೇ ಹೆಚ್ಚು.

ಜುಯ್ ತಾನ್‌ನ ಸ್ವಂತ ಹೆಸರು ವಿನ್ ಸಾನ್. "ವಿನ್" ಪದ್ಯದ ಐದನೇ ಅಕ್ಷರ, "ಸಾನ್" ಪಚ್ಚೆಯ ಗುರುತಿನ ಹೆಸರು. ರಿಯೂನಿಯನ್‌ನಲ್ಲಿ ಹುಟ್ಟಿದ ಅವನ ಮಕ್ಕಳಿಗೆ ಫ್ರೆಂಚ್ ರಿಜಿಸ್ಟರಿನಲ್ಲಿ "ವಿನ್‌ಸಾನ್" ಎಂಬುದೇ ಮನೆತನದ ಹೆಸರಾಗಿಬಿಟ್ಟಿತು. ಒಂದೇ ತಲೆಮಾರಿಗೆಂದು ಕೊಟ್ಟ ಅಕ್ಷರ ಅಲ್ಲಿ ಎಲ್ಲ ತಲೆಮಾರಿಗೂ ಅಂಟಿಕೊಂಡಿತು. ಮಿನ್ ಮಾಂಗ್ ಕೇಳಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದ.

ಚಿಕ್ಕಪ್ಪ ಗೋರಿಯ ಪಕ್ಕದ ಕಟ್ಟೆಯಲ್ಲಿ ಕೂತು ಡೈರಿ ತೆಗೆದು ಲೆಕ್ಕ ಹಾಕಿದರು. ಮಿಯೆನ್‌ನಲ್ಲಿ ಒಬ್ಬ ರಾಜ. ಹೂಂಗ್‌ನಲ್ಲಿ ಇಬ್ಬರು. ಉಂಗ್‌ನಲ್ಲಿ ನಾಲ್ವರು, ಅದರಲ್ಲಿ ಮೂವರು ಒಂದೇ ತಂದೆಯ ಮಕ್ಕಳು, ಅವರ ಮೇಲೂ ಊರವರದೊಂದು ಪದ: ಒಂದೇ ಮನೆಯಲ್ಲಿ ಮೂರು ದೊರೆ, ಇದ್ದವನೊಬ್ಬ, ಸತ್ತವನೊಬ್ಬ, ಸೋತು ಓಡಿದವನೊಬ್ಬ. ಬ್ಯೂದಲ್ಲಿ ಇಬ್ಬರು, ವಿನ್‌ನಲ್ಲಿ ಇಬ್ಬರು. ಒಟ್ಟು ಹನ್ನೊಂದು, ಪದ್ಯಕ್ಕೆ ಮೊದಲಿನ ಇಬ್ಬರು ಸೇರಿ ಹದಿಮೂರು.

"ನೋಡಿದ್ಯಾ, ಇಪ್ಪತ್ತು ಅಕ್ಷರ ಬರೆದ. ಸಿಂಹಾಸನ ಸರಿಯಾಗಿ ಒಂದನೇ ಸಾಲಿಗೆ ಮುಗೀತು. ಐದನೇ ಅಕ್ಷರಕ್ಕೆ. ವಿನ್ ಅಂದ್ರೆ ಅರ್ಥ ಏನು ಗೊತ್ತಾ?"

"ಏನು?"

"ಶಾಶ್ವತ."

ಆರನೇ ದಿನ: ವಾಪಸ್

ರೈಲು ಸಂಜೆಗೆ. ಬೆಳಗ್ಗೆ ಹನ್ನೆರಡನೇ ರಾಜ ಖಾಯ್ ಡಿನ್‌ನ ಸಮಾಧಿ. 127 ಮೆಟ್ಟಿಲು ನೋಡಿ ಚಿಕ್ಕಪ್ಪನ ಮಂಡಿ ಮುಷ್ಕರ ಹೂಡಿತು. ಅವರು ಕೆಳಗೆ ಎಳನೀರು ಕುಡಿಯುತ್ತ ಕೂತರು, ನಾನು ಹತ್ತಿದೆ. ಕಾಂಕ್ರೀಟು, ಪಿಂಗಾಣಿ ಚೂರು, ಬಣ್ಣದ ಗಾಜು. ಕಟ್ಟಲು 1920ರಿಂದ 1931ರವರೆಗೆ ಹಿಡಿಯಿತು, ತೆರಿಗೆ ಶೇ. 30 ಏರಿಸಿದರು. ನನಗೆ ಹಿಡಿಸಲಿಲ್ಲ.

ಅವನ ಮಗನೇ ಕೊನೆಯ ರಾಜ. "ಬಾವೊ ಡಾಯ್" ಅವನ ಆಳ್ವಿಕೆಯ ಹೆಸರು. ಮನೆಯ ಹೆಸರು ವಿನ್ ಥುಯ್. 1945ರ ಆಗಸ್ಟ್ 30ರಂದು ಙೊ ಮೊನ್ ಬಾಗಿಲ ಮೇಲೆ ನಿಂತು ಮುದ್ರೆ, ಕತ್ತಿ ಎರಡನ್ನೂ ಹೋ ಚಿ ಮಿನ್ ಸರ್ಕಾರದವರಿಗೆ ಕೊಟ್ಟ. ಮಾರನೇ ದಿನದಿಂದ "ಪ್ರಜೆ ವಿನ್ ಥುಯ್". ಪದವಿ ಹೋಯಿತು, ಪದ್ಯದ ಅಕ್ಷರ ಉಳಿಯಿತು. 1949ರಲ್ಲಿ ಫ್ರೆಂಚರು ರಾಷ್ಟ್ರದ ಮುಖ್ಯಸ್ಥನಾಗಿ ಮತ್ತೆ ತಂದು ಕೂರಿಸಿದರು. 1955ರಲ್ಲಿ ದಕ್ಷಿಣ ವಿಯೆಟ್ನಾಂನ ಪ್ರಧಾನಿ ಡಿಯೆಮ್ ಜನಮತಗಣನೆ ಮಾಡಿಸಿ ಶೇ. 98 ಮತಗಳಿಂದ ಇಳಿಸಿದ. ಸೈಗಾನ್‌ನಲ್ಲಿ ಪಟ್ಟಿಯಲ್ಲಿದ್ದ ಮತದಾರರಿಗಿಂತ ಬಿದ್ದ ಮತ ಹೆಚ್ಚಿತ್ತು! 1997ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ, ಅಲ್ಲೇ ಪಾಸಿ ಸ್ಮಶಾನದಲ್ಲಿ ಗೋರಿ. ಹಿರಿಮಗ ಬಾವೊ ಲಾಂಗ್ ಫ್ರೆಂಚರ ಫಾರಿನ್ ಲೀಜನ್ ಸೇರಿ ಅಲ್ಜೀರಿಯಾದಲ್ಲಿ ಕಾದಾಡಿ, ಆಮೇಲೆ ಬ್ಯಾಂಕಿನಲ್ಲಿ ಕೆಲಸ ಮಾಡಿ, 2007ರಲ್ಲಿ ಸತ್ತ. ತಮ್ಮ ಬಾವೊ ಥಾಂಗ್ 2017ರಲ್ಲಿ. ಬ್ಯಾಂಕಿನವರು ಅಂದಿದ್ದಕ್ಕೆ ಚಿಕ್ಕಪ್ಪನಿಗೆ ಬಾವೊ ಲಾಂಗ್ ಮೇಲೆ ಎಲ್ಲಿಲ್ಲದ ಅಭಿಮಾನ.

ಮಿನ್ ಮಾಂಗ್‌ನ ಹತ್ತು ಕಿಲೋ ಮೀರಿದ ಚಿನ್ನದ ಮುದ್ರೆ 2022ರಲ್ಲಿ ಪ್ಯಾರಿಸ್‌ನಲ್ಲಿ ಹರಾಜಿಗೆ ಬಂದು, ಮಾತುಕತೆಯಾಗಿ, ಮರುವರ್ಷ ವಿಯೆಟ್ನಾಂಗೆ ಬಂತು. ಅದು ಹುಯೆಯಲ್ಲಿಲ್ಲ, ಉತ್ತರದ ಬಾಕ್ ನಿನ್‌ನ ಖಾಸಗಿ ಸಂಗ್ರಹಾಲಯದಲ್ಲಿದೆ.

ನಾನು ನೋಡಲೇಬೇಕೆಂದು ಹಟ ಹಿಡಿದದ್ದು ಕಾಲುವೆ ದಂಡೆಯ ಆನ್ ಡಿನ್ ಬಂಗಲೆ. ಬಾವೊ ಡಾಯ್‌ನ ತಾಯಿ ತು ಕುಂಗ್, ರಾಜ್ಯ ಹೋದ ಮೇಲೆ ಇಲ್ಲಿದ್ದರು. ಡಿಯೆಮ್ ಸರ್ಕಾರ ಇದನ್ನೂ ಕಿತ್ತುಕೊಂಡಾಗ ಹತ್ತಿರದ ಸಣ್ಣ ಮನೆಗೆ ಹೋದರು. ಮಗ, ಸೊಸೆ, ಮೊಮ್ಮಕ್ಕಳು ಫ್ರಾನ್ಸ್‌ನಲ್ಲಿ. ಈಕೆ ಯುದ್ಧ ಮುಗಿದು ಕಮ್ಯುನಿಸ್ಟರು ಬಂದ ಮೇಲೂ ಹುಯೆ ಬಿಡಲಿಲ್ಲ. ಗುಡಿಗಳ ದೀಪ, ತಿಥಿ, ನೈವೇದ್ಯ ನೋಡಿಕೊಂಡು 1980ರಲ್ಲಿ ತೊಂಬತ್ತು ತುಂಬಿ ಕಣ್ಣುಮುಚ್ಚಿದರು. ಆ ಪದ್ಯದ ಯಾವ ಅಕ್ಷರವೂ ಈಕೆಯ ಹೆಸರಿನಲ್ಲಿ ಇರಲಿಲ್ಲ. ಸೊಸೆಯಾಗಿ ಬಂದವರು.

ಹೊರಡುವಾಗ ಮನೆಯೊಡತಿ ಎಳ್ಳಿನ ಮಿಠಾಯಿ ಕಟ್ಟಿಕೊಟ್ಟರು. ಅವರ ಅಜ್ಜಿಯನ್ನು ಎಲ್ಲರೂ "ಮೆ" ಅನ್ನುತ್ತಿದ್ದರಂತೆ; ಅಜ್ಜನನ್ನೂ "ಮೆ" ಅಂತಲೇ. ಅದು ಅಜ್ಜಿಗೆ ಹೇಳುವ ಪದ, ರಾಜವಂಶದಲ್ಲಿ ಗಂಡಸರಿಗೂ ಅದೇ. ಗಂಡುಮಗು ಅಂತ ಗೊತ್ತಾದರೆ ದೆವ್ವ ಹೊತ್ತೊಯ್ಯುತ್ತದೆ ಎಂಬ ಭಯಕ್ಕೆ ಹೆಣ್ಣಿನಂತೆ ಕರೆದದ್ದಂತೆ. ತಿಪ್ಪೆಯಲ್ಲಿ ಹೊರಳಿಸಿ ತಿಪ್ಪ ಎಂದು ಹೆಸರಿಟ್ಟು ಉಳಿಸಿಕೊಂಡ ನಮ್ಮ ಮುತ್ತಜ್ಜನ ಕಥೆಯನ್ನು ಚಿಕ್ಕಪ್ಪ ಹೇಳಿದರು. ನಾನು ಕೈಸನ್ನೆ ಸೇರಿಸಿ ಅನುವಾದ ಮಾಡಿದೆ. ತಿಪ್ಪೆ ಅನ್ನುವುದನ್ನು ಸನ್ನೆಯಲ್ಲಿ ತೋರಿಸುವುದು ಸುಲಭವಲ್ಲ.

ರೈಲಿನಲ್ಲಿ ಟಿಕೆಟ್ ನೋಡಲು ಬಂದ ಹುಡುಗನ ಎದೆಯ ಬಿಲ್ಲೆಯ ಮೇಲೆ "ಬಾವೊ" ಅಂತಿತ್ತು. ಆರನೇ ಅಕ್ಷರ. ಆದರೆ ಬಾವೊ ಇಲ್ಲಿ ನಮ್ಮ ಮಂಜುನಾಥನಷ್ಟೇ ಸಾಮಾನ್ಯ ಹೆಸರು, ಯಾರ ಮಗನಾದರೂ ಆಗಿರಬಹುದು.

"ಕೇಳ್ಲಾ?" ಅಂದರು ಚಿಕ್ಕಪ್ಪ, ಡೈರಿ ಬಿಚ್ಚಿ.

"ಸುಮ್ನೆ ಟಿಕೆಟ್ ತೋರ್ಸಿ ಚಿಕ್ಕಪ್ಪ."